ಎಷ್ಟು ಜನ ಬರುತ್ತಾರೆ? ಅರ್ಜಿ ಬರೆಯುವ ಮೊದಲು ಮೈದಾನ ಅಳೆಯಿರಿ

ಸಾರ್ವಜನಿಕ ಸಮಾರಂಭಕ್ಕೆ ಪೊಲೀಸರ ಅನುಮತಿ ಕೇಳುವಾಗ ದಿನಾಂಕ, ಸ್ಥಳ, ಸಮಯದ ಜೊತೆಗೆ ಇನ್ನೊಂದು ವಿವರ ಕೊಡಬೇಕಾಗುತ್ತದೆ: ಎಷ್ಟು ಜನ ಸೇರುತ್ತಾರೆ? ಗಣೇಶೋತ್ಸವ ಸಮಿತಿಯಾಗಲಿ, ರಾಜ್ಯೋತ್ಸವ ಸಮಿತಿಯಾಗಲಿ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘವಾಗಲಿ, ಹೆಚ್ಚಿನವರು ಅಲ್ಲಿ ತೋಚಿದ ಸಂಖ್ಯೆ ಬರೆದು ಮುಂದಕ್ಕೆ ಹೋಗುತ್ತಾರೆ. ಠಾಣೆಗೆ ಕೊಟ್ಟ ಕಾಗದದಲ್ಲಿ ‘ಸುಮಾರು ಐನೂರು’ ಎಂದಿರುತ್ತದೆ, ಪ್ರಾಯೋಜಕರಿಗೆ ಹಂಚಿದ ಕರಪತ್ರದಲ್ಲಿ ‘ಹತ್ತು ಸಾವಿರ’ ಎಂದಿರುತ್ತದೆ. ಷರತ್ತು ಕಡಿಮೆಯಾಗಲಿ ಎಂದು ಅಲ್ಲಿ ತಗ್ಗಿಸುವುದು, ದೇಣಿಗೆ ಹೆಚ್ಚಲಿ ಎಂದು ಇಲ್ಲಿ ಹಿಗ್ಗಿಸುವುದು. ಎಷ್ಟು ಪೊಲೀಸರು ಬೇಕು, ಗೇಟು ಎಷ್ಟು ಅಗಲ ಇರಬೇಕು, ನೀರು ಎಷ್ಟು ತರಿಸಬೇಕು ಎಂಬುದೆಲ್ಲ ಆ ಒಂದು ಸಂಖ್ಯೆಯ ಮೇಲೆಯೇ ನಿಂತಿದೆ. ಅದು ಸುಳ್ಳಾದರೆ ಮುಂದಿನ ಯಾವ ಲೆಕ್ಕವೂ ನಿಜವಾಗುವುದಿಲ್ಲ.

ಉತ್ತರ ಪ್ರದೇಶದ ಹಾಥರಸ್‌ನಲ್ಲಿ 2024ರ ಜುಲೈ 2ರಂದು ನಡೆದ ಸತ್ಸಂಗಕ್ಕೆ ಅನುಮತಿ ಪಡೆದದ್ದು 80 ಸಾವಿರ ಜನಕ್ಕೆ. ಬಂದವರು ಎರಡೂವರೆ ಲಕ್ಷದಷ್ಟು. ಸತ್ತವರು 121. ತಮಿಳುನಾಡಿನ ಕರೂರಿನಲ್ಲಿ 2025ರ ಸೆಪ್ಟೆಂಬರ್ 27ರ ರಾಜಕೀಯ ಸಭೆಗೆ 10 ಸಾವಿರ ಜನ ಬರುತ್ತಾರೆಂದು ಹೇಳಲಾಗಿತ್ತು. ಅದರ ಎರಡು ಪಟ್ಟಿಗೂ ಹೆಚ್ಚು ಮಂದಿ ಸೇರಿದರು, ಮಧ್ಯಾಹ್ನ ಬರಬೇಕಿದ್ದ ನಾಯಕರು ಬಂದದ್ದು ಸಂಜೆ ಕತ್ತಲಾದ ಮೇಲೆ. 41 ಜೀವ ಹೋಯಿತು.

ನಮ್ಮ ಊರಿನದೇ ಉದಾಹರಣೆ ಇನ್ನೂ ಹಸಿಯಾಗಿದೆ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನವೇ ಬೆಂಗಳೂರಿನಲ್ಲಿ ವಿಜಯೋತ್ಸವ. ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಸೇರಿದರು. ಗೇಟುಗಳ ಬಳಿ 11 ಮಂದಿ ಸತ್ತರು, 50ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ರಾಜ್ಯ ಸರ್ಕಾರ ಹೈಕೋರ್ಟಿಗೆ ಕೊಟ್ಟ ವರದಿಯ ಪ್ರಕಾರ, ಹಿಂದಿನ ಸಂಜೆ ಕಬ್ಬನ್ ಪಾರ್ಕ್ ಠಾಣೆಗೆ ತಲುಪಿದ್ದು ‘ಹೀಗೊಂದು ಕಾರ್ಯಕ್ರಮ ಇರಬಹುದು’ ಎಂಬ ಮಾಹಿತಿ ಪತ್ರ. ನಿಗದಿತ ನಮೂನೆಯ ಅರ್ಜಿ ಅದಾಗಿರಲಿಲ್ಲ. ಎಷ್ಟು ಜನ ಬರುತ್ತಾರೆ, ಅವರಿಗೆ ಏನು ವ್ಯವಸ್ಥೆ ಎಂಬ ವಿವರ ಅದರಲ್ಲಿರಲಿಲ್ಲ. ಬೆಳಿಗ್ಗೆಯಿಂದಲೇ ಸಾಮಾಜಿಕ ಜಾಲತಾಣದಲ್ಲಿ ಎಲ್ಲರಿಗೂ ಆಹ್ವಾನ ಹೋಗಿತ್ತು. ಒಳಗೆ ಬರಲು ಪಾಸ್ ಬೇಕೆಂಬ ಮಾತು ಹೊರಬಿದ್ದದ್ದು ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ, ಆ ಹೊತ್ತಿಗೆ ರಸ್ತೆಗಳು ತುಂಬಿಹೋಗಿದ್ದವು.

ಆದ್ದರಿಂದ ಈ ಲೇಖನದಲ್ಲಿ ಮೊದಲು ಮೈದಾನದ ಲೆಕ್ಕ, ಆಮೇಲೆ ಕಚೇರಿಗಳ ದಾರಿ. ಹೆಚ್ಚಿನ ಸಮಿತಿಗಳು ಇದನ್ನು ತಿರುಗುಮುರುಗಾಗಿ ಮಾಡುತ್ತವೆ. ಅನುಮತಿ ಕೈಗೆ ಬಂದ ಮೇಲೆ ಶಾಮಿಯಾನದವರನ್ನು ಕರೆದು ‘ಗೇಟು ಎಲ್ಲಿ ಬಿಡೋಣ’ ಎಂದು ಕೇಳುತ್ತಾರೆ.

ಮೂವತ್ತು–ನಲವತ್ತರ ಸೈಟಿನ ಲೆಕ್ಕ

ಜನ ಸಾಯುವುದು ಹೇಗೆ ಎಂಬುದು ಗೊತ್ತಿರಬೇಕು. ಬಿದ್ದವರನ್ನು ತುಳಿದೇ ಸಾವು ಸಂಭವಿಸುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ನೂಕುನುಗ್ಗಲಿನಲ್ಲಿ ಹೆಚ್ಚಿನ ಸಾವು ಉಸಿರುಗಟ್ಟಿ ಆಗುತ್ತದೆ. ಸುತ್ತಲಿನವರ ಒತ್ತಡಕ್ಕೆ ಎದೆಗೂಡು ಹಿಗ್ಗಲಾರದೆ, ನಿಂತ ನಿಲುವಿನಲ್ಲೇ ಉಸಿರು ನಿಲ್ಲುತ್ತದೆ. ಅಲ್ಲಿ ಯಾರೂ ಹುಚ್ಚರಂತೆ ಓಡಿರಬೇಕಾಗಿಲ್ಲ. ಜಾಗ ಸಾಲದೆ ಹೋದರೆ ಸಾಕು. ಹಾಗಾಗಿ ‘ಜನ ಶಿಸ್ತಿನಿಂದ ವರ್ತಿಸಲಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎದೆಯ ಮೇಲೆ ಒತ್ತಡ ಬಿದ್ದ ಮೇಲೆ ಶಿಸ್ತಿಗೆ ಅವಕಾಶವೇ ಉಳಿದಿರುವುದಿಲ್ಲ.

ಒಂದು ಚದರ ಮೀಟರಿನಲ್ಲಿ ಇಬ್ಬರು ನಿಂತರೆ ಆರಾಮ. ನಾಲ್ವರಾದರೆ ಭುಜಕ್ಕೆ ಭುಜ ತಾಗುತ್ತದೆ, ಆದರೂ ನಮ್ಮ ಕಾಲ ಮೇಲೆ ನಾವು ನಿಂತಿರುತ್ತೇವೆ. ಐವರು ದಾಟಿದರೆ ಅಪಾಯ ಶುರು. ಏಳರ ಹೊತ್ತಿಗೆ ಗುಂಪು ದ್ರವದಂತೆ ವರ್ತಿಸುತ್ತದೆ, ಹಿಂದಿನಿಂದ ಬಂದ ಒಂದು ತಳ್ಳು ಅಲೆಯಾಗಿ ಮುಂದಿನವರೆಗೆ ಹೋಗುತ್ತದೆ ಎಂದು ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ ದಶಕಗಳ ಹಿಂದೆಯೇ ಬರೆದಿದ್ದಾರೆ. ಸೋಲ್‌ನ ಇಟೆವಾನ್‌ನಲ್ಲಿ 2022ರ ಅಕ್ಟೋಬರ್ 29ರ ರಾತ್ರಿ ಸುಮಾರು ಮೂರು ಮೀಟರ್ ಅಗಲದ ಇಳಿಜಾರು ಓಣಿಯೊಂದರಲ್ಲಿ ನಡೆದದ್ದು ಇದೇ. 159 ಜನ ಪ್ರಾಣ ಕಳೆದುಕೊಂಡರು.

ಚದರ ಮೀಟರು ಕಣ್ಣಿಗೆ ಕಟ್ಟದಿದ್ದರೆ ನಮಗೆಲ್ಲ ಗೊತ್ತಿರುವ 30x40 ಸೈಟನ್ನೇ ಅಳತೆಗೋಲು ಮಾಡಿಕೊಳ್ಳಿ. 1,200 ಚದರ ಅಡಿ ಎಂದರೆ ಸುಮಾರು 111 ಚದರ ಮೀಟರ್. ಅದರಲ್ಲಿ 220 ಜನ ನೆಮ್ಮದಿಯಾಗಿ ನಿಲ್ಲಬಹುದು. 440 ಜನ ನಿಂತರೆ ಗಿಜಿಗುಡುತ್ತದೆ. 550 ದಾಟಿದರೆ ಅಲ್ಲಿ ಕಾರ್ಯಕ್ರಮ ನಡೆಯಬಾರದು. ಕುರ್ಚಿ ಹಾಕುವುದಾದರೆ ನಡುವಿನ ದಾರಿಯೂ ಸೇರಿ ಒಬ್ಬರಿಗೆ ಒಂದು ಚದರ ಮೀಟರ್ ಹಿಡಿಯಿರಿ.

ಈಗ ನಿಮ್ಮ ವಾರ್ಡಿನ ಮೈದಾನಕ್ಕೆ ಬನ್ನಿ. 200 ಅಡಿ ಉದ್ದ, 130 ಅಡಿ ಅಗಲ ಎಂದಿಟ್ಟುಕೊಳ್ಳೋಣ: 26,000 ಚದರ ಅಡಿ. ಅಷ್ಟೂ ಜಾಗ ಜನರಿಗೆ ಸಿಗುವುದಿಲ್ಲ. ವೇದಿಕೆ, ಅದರ ಹಿಂದಿನ ಕೋಣೆ, ಸೌಂಡ್ ಸಿಸ್ಟಂ, ಜನರೇಟರ್, ತಿಂಡಿ ಮಳಿಗೆ, ಆಂಬುಲೆನ್ಸ್ ದಾರಿ ಇವಕ್ಕೆಲ್ಲ ಕಡಿಮೆಯೆಂದರೂ ಮೂರನೇ ಒಂದು ಭಾಗ ಕಳೆಯಿರಿ. ಎಲ್‌ಇಡಿ ಪರದೆಯ ಹಿಂದಿನ ಜಾಗ, ಕಂಬ ಅಡ್ಡ ಬಂದು ವೇದಿಕೆ ಕಾಣದ ಮೂಲೆ ಇವನ್ನೂ ಆ ಮೂರನೇ ಒಂದು ಭಾಗದಲ್ಲೇ ಸೇರಿಸಿ, ಏಕೆಂದರೆ ಅಲ್ಲಿ ಯಾರೂ ನಿಲ್ಲುವುದಿಲ್ಲ. ಕಾಣುವ ಕಡೆಗೆ ಒತ್ತಿಕೊಂಡು ಬರುತ್ತಾರೆ. ಉಳಿದದ್ದು ಹದಿನಾಲ್ಕೂವರೆ ಸೈಟಿನಷ್ಟು ಎನ್ನಿ. ನಿಮ್ಮ ಮೈದಾನದ ಮಿತಿ 3,200 ಜನ. ಸಿನಿಮಾ ನಟರೊಬ್ಬರನ್ನು ಕರೆಯುವ ಯೋಚನೆ ಇದ್ದರೆ ಈ ಸಂಖ್ಯೆಯನ್ನು ಎದುರಿಗಿಟ್ಟುಕೊಂಡು ಸಮಿತಿಯಲ್ಲಿ ಇನ್ನೊಮ್ಮೆ ಮಾತಾಡಿ.

ಮುಂದಿನದು ಬಾಗಿಲು. ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಿಂದ ನಿಮಿಷಕ್ಕೆ ಹೆಚ್ಚೆಂದರೆ 82 ಜನ, ಮೆಟ್ಟಿಲಾದರೆ 66 ಜನ ಹೋಗಬಹುದು ಎನ್ನುತ್ತದೆ ಕ್ರೀಡಾಂಗಣಗಳ ಸುರಕ್ಷತೆಗೆ ಬ್ರಿಟನ್ನಿನಲ್ಲಿ ಬಳಸುವ ‘ಗ್ರೀನ್ ಗೈಡ್’ ಕೈಪಿಡಿ. ಅದು ಗಟ್ಟಿ ನೆಲದ, ಒಳ್ಳೆ ಬೆಳಕಿನ ಲೆಕ್ಕ. ಮಳೆ ಬಂದು ಕೆಸರಾದ ಮೈದಾನದಲ್ಲಿ, ಮಕ್ಕಳು–ಮುದುಕರ ಜೊತೆ ಹೊರಡುವ ಜನಕ್ಕೆ ಮೀಟರಿಗೆ 50 ಹಿಡಿಯುವುದು ವಾಸಿ. 3,200 ಜನ ಎಂಟು ನಿಮಿಷದಲ್ಲಿ ಹೊರಬೀಳಬೇಕಾದರೆ ಒಟ್ಟು ಎಂಟು ಮೀಟರ್, ಅಂದರೆ 26 ಅಡಿ ಅಗಲದ ಹೊರದಾರಿ ಬೇಕು. ಇಷ್ಟೂ ಒಂದೇ ಕಡೆ ಇರಬಾರದು. ಮೂರು ನಾಲ್ಕು ದಿಕ್ಕಿಗೆ ಹಂಚಿ, ಒಂದು ಗೇಟು ಬೆಂಕಿಯಿಂದಲೋ ಕೆಟ್ಟುನಿಂತ ಗಾಡಿಯಿಂದಲೋ ಮುಚ್ಚಿಹೋದರೂ ಉಳಿದವು ಸಾಲುವಂತೆ ನೋಡಿಕೊಳ್ಳಿ.

ಒಳಬರುವ ದಾರಿಯ ವೇಗ ಇದಕ್ಕಿಂತ ಬಹಳ ಕಡಿಮೆ. ತಿರುಗುಗೇಟು ಇದ್ದ ಕಡೆಯೂ ಒಂದು ಸಾಲಿನಲ್ಲಿ ಗಂಟೆಗೆ 660 ಜನಕ್ಕಿಂತ ಹೆಚ್ಚು ಹಿಡಿಯಬೇಡಿ ಎಂಬುದು ಅದೇ ಕೈಪಿಡಿಯ ಲೆಕ್ಕ. ಚೀಲ ತಪಾಸಣೆ ಇದ್ದರೆ ಇನ್ನೂ ನಿಧಾನ. ಎರಡು ಸಾಲು ಮಾತ್ರ ಇಟ್ಟು, ಆರು ಗಂಟೆಯ ಕಾರ್ಯಕ್ರಮಕ್ಕೆ ಐದೂವರೆಗೆ ಗೇಟು ತೆರೆದರೆ ಹೊರಗೆ ಎರಡು ಸಾವಿರಕ್ಕೂ ಹೆಚ್ಚು ಜನ ನಿಂತಿರುವಾಗಲೇ ಒಳಗೆ ಪ್ರಾರ್ಥನಾಗೀತೆ ಶುರುವಾಗುತ್ತದೆ. ಆ ಹಾಡು ಕೇಳಿಸಿದ ಕ್ಷಣ ಹೊರಗಿನವರು ಮುಂದಕ್ಕೆ ಒತ್ತುತ್ತಾರೆ. ಬೇಗ ಗೇಟು ತೆರೆಯಿರಿ, ಹೆಚ್ಚು ಸಾಲು ಮಾಡಿ. ಹೊರಗೆ ಸಾಲು ನಿಲ್ಲುವ ಜಾಗವೂ ನಿಮ್ಮ ಕಾರ್ಯಕ್ರಮದ ಭಾಗವೇ, ಅದನ್ನೂ ನಕ್ಷೆಯಲ್ಲಿ ಬರೆಯಿರಿ.

ಯಾವ ಕಚೇರಿಗೆ, ಯಾವಾಗ

ಇಷ್ಟಾದ ಮೇಲೆ ಒಂದು ಹಾಳೆಯಲ್ಲಿ ಮೈದಾನದ ನಕ್ಷೆ, ಇನ್ನೊಂದರಲ್ಲಿ ಗಂಟೆವಾರು ಕಾರ್ಯಕ್ರಮ, ಮೂರನೆಯದರಲ್ಲಿ ಯಾರ ಹೊಣೆ ಏನು ಎಂಬ ಪಟ್ಟಿ ಇಟ್ಟುಕೊಂಡು ಹೊರಡಿ. ಈ ಮೂರು ಹಾಳೆ ಕೈಯಲ್ಲಿದ್ದರೆ ಇನ್‌ಸ್ಪೆಕ್ಟರ್ ನಿಮ್ಮೊಡನೆ ಮಾತಾಡುವ ಧಾಟಿಯೇ ಬೇರೆಯಾಗುತ್ತದೆ.

ಮೊದಲು ಜಾಗದ ಒಡೆಯರ ಒಪ್ಪಿಗೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನಿಮ್ಮ ಮೈದಾನ ಯಾವ ಪಾಲಿಕೆಗೆ ಸೇರಿದೆ ಎಂದು ಖಚಿತ ಮಾಡಿಕೊಳ್ಳಿ. ಗಡಿಯ ಬಡಾವಣೆಗಳಲ್ಲಿ ತಪ್ಪು ಕಚೇರಿಗೆ ಅಲೆದು ದಿನ ಕಳೆಯುವುದು ಸುಲಭ. ಬೇರೆ ಊರುಗಳಲ್ಲಿ ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿ. ಶಾಲಾ ಮೈದಾನವಾದರೆ ಶಾಲೆಯ ಆಡಳಿತ.

ಎರಡನೆಯದು ಪೊಲೀಸ್. ಬೆಂಗಳೂರಿನಲ್ಲಿ ಸಭೆ, ಮೆರವಣಿಗೆಗಳಿಗೆ ಪರವಾನಗಿ ಕೊಡುವುದಕ್ಕೆಂದೇ 2009ರ ಆದೇಶವೊಂದಿದೆ. ಅದರಂತೆ ಕನಿಷ್ಠ ಏಳು ದಿನ ಮುಂಚೆ ನಿಗದಿತ ನಮೂನೆಯಲ್ಲಿ ಅರ್ಜಿ ಕೊಡಬೇಕು. ನನ್ನ ಸಲಹೆ ಏಳು ದಿನವಲ್ಲ, ಒಂದು ತಿಂಗಳು. ದೊಡ್ಡ ಸಭೆಗೆ ಪೊಲೀಸರು ಬೇರೆ ಠಾಣೆಗಳಿಂದ ಸಿಬ್ಬಂದಿ ತರಿಸಬೇಕು, ರಸ್ತೆ ಬದಲಿಸಬೇಕು. ಅದೇ ದಿನ ಪಕ್ಕದಲ್ಲಿ ಇನ್ನೊಂದು ಮೆರವಣಿಗೆ ಇದೆಯೇ ಎಂದು ನೋಡಬೇಕು. ಪೊಲೀಸ್ ಇಲಾಖೆಯ ಸೇವೆಗಳಿಗೆ ಸೇವಾ ಸಿಂಧು ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಹಾಗೆ ಹಾಕಿದರೂ ಠಾಣೆಗೊಮ್ಮೆ ಹೋಗಿ ಬನ್ನಿ. ರಸ್ತೆಯ ಒಂದು ಬದಿ ಮುಚ್ಚುವುದಿದ್ದರೂ ಸಂಚಾರ ಠಾಣೆಯ ಒಪ್ಪಿಗೆ ಬೇರೆಯೇ ಬೇಕು, ಕಾನೂನು–ಸುವ್ಯವಸ್ಥೆ ಠಾಣೆಯವರು ಒಪ್ಪಿದರೆ ಸಾಲದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡರೆ ಅನುಮತಿ ಸಿಕ್ಕಂತಲ್ಲ. ‘ಸಾಹೇಬ್ರಿಗೆ ಹೇಳಿದ್ದೀವಿ’ ಎಂಬುದೂ ಅನುಮತಿಯಲ್ಲ. ಉತ್ತರ ಬಾರದಿದ್ದರೆ ಮತ್ತೆ ಕೇಳಿ, ಲಿಖಿತ ಆದೇಶ ಕೈಗೆ ಬರುವವರೆಗೆ ಕರಪತ್ರ ಹಂಚಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಪೋಸ್ಟರ್ ಬಿಡಬೇಡಿ. ಆದೇಶ ಬಂದ ಮೇಲೆ ಅದರ ಹಿಂಬದಿಯ ಷರತ್ತುಗಳನ್ನು ಸಮಿತಿಯ ಎಲ್ಲರೂ ಓದಬೇಕು. ಅವಘಡ ನಡೆದರೆ ಮೊದಲು ಹೊರಬರುವುದು ಆ ಷರತ್ತುಗಳ ಪಟ್ಟಿ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಸಂಘಟಕರ ಮೇಲೂ ಬೀಳಬಹುದು. ಚಿನ್ನಸ್ವಾಮಿ ದುರಂತದ ಬಳಿಕ ಜನಸಂದಣಿ ನಿಯಂತ್ರಣಕ್ಕೆಂದೇ ಮಸೂದೆಯೊಂದು 2025ರ ಆಗಸ್ಟ್‌ನಲ್ಲಿ ವಿಧಾನಸಭೆಗೆ ಬಂತು. ನಿಯಮಗಳು ಬಿಗಿಯಾಗುವ ಕಾಲ ಇದು. ಹೋದ ವರ್ಷದ ಅರ್ಜಿಯ ನಕಲು ತೆಗೆದು ದಿನಾಂಕ ತಿದ್ದುವುದರ ಬದಲು ಈಗ ಏನೇನು ಬೇಕೆಂದು ಠಾಣೆಯಲ್ಲೇ ಕೇಳಿ.

ಗಣೇಶನ ಹಬ್ಬಕ್ಕೆ ಬೆಂಗಳೂರಿನಲ್ಲಿ ಏಕಗವಾಕ್ಷಿ ಕೇಂದ್ರಗಳನ್ನು ತೆರೆಯುವ ರೂಢಿ ಇದೆ. ಪಾಲಿಕೆ, ಪೊಲೀಸ್, ಬೆಸ್ಕಾಂ, ಅಗ್ನಿಶಾಮಕ ಇಲಾಖೆಯವರು ಒಂದೇ ಕಡೆ ಸಿಗುತ್ತಾರೆ. ಈ ಅನುಕೂಲ ಹಬ್ಬದ ಹೊತ್ತಿಗೆ ಮಾತ್ರ. ನವೆಂಬರಿನ ರಾಜ್ಯೋತ್ಸವಕ್ಕೋ ಬೇಸಿಗೆಯ ನಾಟಕೋತ್ಸವಕ್ಕೋ ಒಂದೊಂದು ಬಾಗಿಲನ್ನೂ ನೀವೇ ತಟ್ಟಬೇಕು. ವರ್ಷವಿಡೀ ಇಂಥ ಕೇಂದ್ರ ಇದ್ದರೆ ಎಷ್ಟೋ ಸಮಿತಿಗಳು ಕದ್ದುಮುಚ್ಚಿ ಕಾರ್ಯಕ್ರಮ ಮಾಡುವುದು ತಾನಾಗಿ ನಿಲ್ಲುತ್ತಿತ್ತು ಎಂಬುದು ನನ್ನ ನಂಬಿಕೆ.

ಮೈಕಿಗೆ ಪ್ರತ್ಯೇಕ ಪರವಾನಗಿ ಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಠಾಣೆಗಿಲ್ಲ. ಹಗಲಿನ ಮಿತಿ ವಸತಿ ಪ್ರದೇಶದಲ್ಲಿ 55 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಇನ್ನು ತಿಂಡಿ ಮಳಿಗೆಯವರ ಎಫ್‌ಎಸ್‌ಎಸ್‌ಎಐ ನೋಂದಣಿ, ಧ್ವನಿಮುದ್ರಿತ ಹಾಡು ಹಾಕುವುದಾದರೆ ಅದರ ಹಕ್ಕಿನ ಪರವಾನಗಿ, ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಇವನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ವೈರು, ಬಟ್ಟೆ, ಬೆಂಕಿ

ಗದಗ ಜಿಲ್ಲೆಯ ಸೂರಣಗಿಯಲ್ಲಿ 2024ರ ಜನವರಿಯಲ್ಲಿ ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. ಕಾರ್ಯಕ್ರಮ ಇನ್ನೂ ಶುರುವಾಗಿರಲಿಲ್ಲ. ಕಟ್ಟುವ ಹಂತದಲ್ಲೇ ಸಾಯುವವರು ಹೆಚ್ಚಾಗಿ ನಮ್ಮದೇ ಹುಡುಗರು; ರಾತ್ರಿ ನಿದ್ದೆಗೆಟ್ಟು, ಕಬ್ಬಿಣದ ಪೈಪು ಹಿಡಿದು ತಂತಿಯ ಕೆಳಗೆ ಓಡಾಡುವವರು. ಕಟೌಟ್, ಕಮಾನು, ಬಾವುಟದ ಕಂಬ ಯಾವುದನ್ನೂ ವಿದ್ಯುತ್ ತಂತಿಯ ಹತ್ತಿರ ನಿಲ್ಲಿಸಬೇಡಿ. ಬೀದಿ ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟು ಎಳೆಯುವುದು ಕಳ್ಳತನ ಮಾತ್ರವಲ್ಲ, ಮಳೆಗಾಲದಲ್ಲಿ ಅದು ಮರಣಕ್ಕೆ ದಾರಿ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಸೆಸ್ಕ್ ಎಲ್ಲ ಕಡೆಯೂ ತಾತ್ಕಾಲಿಕ ಸಂಪರ್ಕ ಸಿಗುತ್ತದೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಲೇ ವೈರಿಂಗ್ ಮಾಡಿಸಿ, ಸೋರಿಕೆಯಾದೊಡನೆ ಕಡಿತಗೊಳಿಸುವ ಬ್ರೇಕರ್ ಹಾಕಿಸಿ.

ಬೆಂಗಳೂರಿಗೆ ಪೆಂಡಾಲಿನ ಬೆಂಕಿ ಹೊಸದಲ್ಲ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಹರಿಯಾಣದ ಡಬವಾಲಿಯಲ್ಲಿ 1995ರ ಡಿಸೆಂಬರ್ 23ರಂದು ಶಾಲಾ ವಾರ್ಷಿಕೋತ್ಸವದ ಶಾಮಿಯಾನ ಹೊತ್ತಿಕೊಂಡಾಗ ನಾನೂರಕ್ಕೂ ಹೆಚ್ಚು ಜೀವ ಹೋಯಿತು. ಎರಡೂ ಕಡೆ ಮೇಲೆ ಸುಲಭವಾಗಿ ಉರಿಯುವ ಹೊದಿಕೆ, ಕೆಳಗೆ ಬೇಗ ಹೊರಬೀಳಲಾರದ ಜನ. ತಾತ್ಕಾಲಿಕ ಪೆಂಡಾಲುಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 8758 ಎಂಬ ಮಾನದಂಡವಿದೆ. ಸಿಂಥೆಟಿಕ್ ಬಟ್ಟೆ, ಸಿಂಥೆಟಿಕ್ ಹಗ್ಗ ಬೇಡ, ವಿದ್ಯುತ್ ತಂತಿಯ ಕೆಳಗೆ ಪೆಂಡಾಲು ಬೇಡ ಎನ್ನುತ್ತದೆ ಅದು. ಶಾಮಿಯಾನದವರಿಗೆ ಮುಂಗಡ ಕೊಡುವಾಗಲೇ ಬಟ್ಟೆ ಯಾವುದೆಂದು ಕೇಳಿ. ಅಡುಗೆ, ಜನರೇಟರ್, ಪಟಾಕಿ ಇವು ಪೆಂಡಾಲಿನಿಂದ ದೂರವಿರಲಿ. ಅಗ್ನಿಶಾಮಕ ಠಾಣೆಯವರು ಒಮ್ಮೆ ಬಂದು ನೋಡಿದರೆ ನಿಮ್ಮ ಕಣ್ಣಿಗೆ ಬೀಳದ ನಾಲ್ಕು ತಪ್ಪು ತೋರಿಸುತ್ತಾರೆ.

ಮೆರವಣಿಗೆಯ ಅಪಾಯ ಬೇರೆ ಬಗೆಯದು. ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ 2025ರ ಸೆಪ್ಟೆಂಬರ್ 12ರ ರಾತ್ರಿ ಗಣಪತಿ ವಿಸರ್ಜನಾ ಮೆರವಣಿಗೆಗೆ ಲಾರಿ ನುಗ್ಗಿ ಹಲವು ಯುವಕರು ಸತ್ತರು. ವಾಹನ ಓಡುವ ರಸ್ತೆಯಲ್ಲಿ ರಾತ್ರಿ ಮೆರವಣಿಗೆ ಹೊರಡಿಸುವುದಾದರೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ನಿಲ್ಲಿಸುವ ಭಾರಿ ವಾಹನ, ಹೊಳೆಯುವ ಪಟ್ಟಿಯ ಜಾಕೆಟ್ ತೊಟ್ಟ ಸ್ವಯಂಸೇವಕರು ಬೇಕು. ರಸ್ತೆಯ ನಡುವೆ ಹಗ್ಗ ಕಟ್ಟಿ ‘ಇದು ನಮ್ಮ ಅರ್ಧ’ ಎಂದರೆ ಲಾರಿಗೆ ಅದು ಕಾಣುವುದಿಲ್ಲ.

ಮೈಕು ಯಾರ ಕೈಲಿ

ಗುಂಪಿನಲ್ಲಿ ಮುಂದಿನವರಿಗೆ ಹಿಂದೆ ಏನಾಗುತ್ತಿದೆ ಗೊತ್ತಿರುವುದಿಲ್ಲ, ಹಿಂದಿನವರಿಗೆ ಮುಂದಿನವರ ಕೂಗು ಕೇಳಿಸುವುದಿಲ್ಲ. ತಿರುಪತಿಯಲ್ಲಿ 2025ರ ಜನವರಿ 8ರಂದು ವೈಕುಂಠ ದ್ವಾರ ದರ್ಶನದ ಟೋಕನ್‌ಗಾಗಿ ಕಾದವರಲ್ಲಿ ಆರು ಮಂದಿ ಸತ್ತರು. ಅಸ್ವಸ್ಥರಾದ ಮಹಿಳೆಯನ್ನು ಹೊರಗೆ ಬಿಡಲು ಗೇಟು ತೆರೆದಾಗ, ಟೋಕನ್ ಕೊಡಲು ಶುರುಮಾಡಿದರೆಂದು ಜನ ಮುನ್ನುಗ್ಗಿದರು ಎಂದು ಆಗ ವರದಿಯಾಯಿತು. ತಮಿಳುನಾಡಿನ ವಾಣಿಯಂಬಾಡಿಯಲ್ಲಿ 2023ರ ಫೆಬ್ರವರಿಯಲ್ಲಿ ಉಚಿತ ಸೀರೆಯ ಟೋಕನ್‌ಗೆ ನಿಂತ ನಾಲ್ವರು ಮಹಿಳೆಯರು ತೀರಿಕೊಂಡರು. ಏನನ್ನೇ ಉಚಿತವಾಗಿ ಹಂಚುವುದಾದರೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಹಂಚಬೇಡಿ. ವೇದಿಕೆಯಿಂದ ಟೋಪಿ, ಶಾಲು, ಸಿಹಿ ಪೊಟ್ಟಣ ಎಸೆಯಲು ಯಾರಿಗೂ ಬಿಡಬೇಡಿ, ಅವರು ಎಷ್ಟೇ ದೊಡ್ಡ ಅತಿಥಿಯಾಗಿರಲಿ. ನೂರಾರು ಜನ ಒಂದೇ ಬಿಂದುವಿನತ್ತ ಕೈಚಾಚಿ ಬಾಗುವಂತೆ ಮಾಡುವ ಕೆಲಸ ಅದು.

ಮುಖ್ಯ ಅತಿಥಿ ತಡವಾದರೆ ಜನಕ್ಕೆ ನಿಜ ಹೇಳಿ. ‘ಇನ್ನೇನು ಬಂದೇಬಿಟ್ಟರು’ ಎಂದು ಎರಡು ಗಂಟೆ ಹೇಳುತ್ತಾ ಹೋದರೆ ಯಾರೂ ಜಾಗ ಬಿಟ್ಟು ಕದಲುವುದಿಲ್ಲ, ನೀರು ಕುಡಿಯಲೂ ಹೋಗುವುದಿಲ್ಲ. ಹೊಸಬರು ಬಂದು ಸೇರುತ್ತಲೇ ಇರುತ್ತಾರೆ. ಕರೂರಿನ ಜನ ಗಂಟೆಗಟ್ಟಲೆ ಬಿಸಿಲಲ್ಲಿ ನಿಂತಿದ್ದರು ಎಂಬುದನ್ನು ನೆನಪಿಡಿ. ನೀರು ನಾಲ್ಕು ಕಡೆ ಇರಲಿ, ಶೌಚಾಲಯಕ್ಕೆ ಹೋಗಿಬರಲು ದಾರಿ ಇರಲಿ. ಮಕ್ಕಳು ಕಳೆದುಹೋದರೆ ಎಲ್ಲಿಗೆ ಬರಬೇಕೆಂದು ಮೊದಲೇ ಹೇಳಿಸಿ. ಗಾಲಿಕುರ್ಚಿಯವರಿಗೆ ಗೇಟಿನ ಹತ್ತಿರವೇ ಪ್ರತ್ಯೇಕ ಜಾಗ ಇಡಿ. ಆಂಬುಲೆನ್ಸ್ ಮೈದಾನದ ಒಳಗಿದ್ದರೆ ಸಾಲದು, ಹೊರಗೆ ಹೋಗುವ ದಾರಿಯಲ್ಲಿ ಬೈಕು ನಿಂತಿರಬಾರದು.

ಇವೆಲ್ಲದರ ಮೇಲೆ ಒಬ್ಬರಿಗೆ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಕೊಡಿ. ಅಧ್ಯಕ್ಷರು ಬೇಡ, ಅವರು ಅತಿಥಿಗಳಿಗೆ ಹಾರ ಹಾಕುವುದರಲ್ಲಿರುತ್ತಾರೆ. ವೇದಿಕೆಯ ಪಕ್ಕದ ಎತ್ತರದಿಂದ ಇಡೀ ಮೈದಾನ ಕಾಣುವಂತೆ ನಿಲ್ಲುವ, ಬೇರೆ ಯಾವ ಕೆಲಸವೂ ಇಲ್ಲದ ಒಬ್ಬರು. ಮುಂದಿನ ಸಾಲಿನಲ್ಲಿ ತಲೆಗಳು ಒಟ್ಟಿಗೆ ಅತ್ತಿತ್ತ ತೂಗಾಡತೊಡಗಿದರೆ, ಮಕ್ಕಳನ್ನು ತಲೆಯ ಮೇಲಿಂದ ದಾಟಿಸತೊಡಗಿದರೆ, ಕೈ ಮೇಲೆತ್ತಲಾಗದಷ್ಟು ಒತ್ತಾದರೆ ಅವರು ಕೈಸನ್ನೆ ಮಾಡಬೇಕು. ಆಗ ಹಾಡು ನಿಲ್ಲಬೇಕು, ದೀಪಗಳೆಲ್ಲ ಹೊತ್ತಬೇಕು, ನಿರೂಪಕರು ಮೊದಲೇ ಬರೆದಿಟ್ಟ ಮಾತನ್ನು ಶಾಂತವಾಗಿ ಓದಬೇಕು: ‘ಹಿಂದೆ ನಿಂತವರು ದಯವಿಟ್ಟು ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ. ಮುಂದಿನವರು ಇದ್ದಲ್ಲೇ ಇರಿ. ಜಾಗ ಆದ ಮೇಲೆ ಕಾರ್ಯಕ್ರಮ ಮುಂದುವರಿಯುತ್ತದೆ.’ ಮುಂದಿನವರಿಗೆ ‘ಹಿಂದೆ ಸರಿಯಿರಿ’ ಎಂದು ಕೂಗುವುದರಿಂದ ಪ್ರಯೋಜನವಿಲ್ಲ. ಒತ್ತಡ ಬರುತ್ತಿರುವುದು ಹಿಂದಿನಿಂದ, ಅದು ಸಡಿಲವಾಗಬೇಕಾದದ್ದೂ ಅಲ್ಲಿಂದಲೇ. ಜೊತೆಗೆ ಪೊಲೀಸರಿಗೂ 108ಕ್ಕೂ ತಿಳಿಸುವ ಕೆಲಸ ಮತ್ತೊಬ್ಬರದು.

ಕೊನೆಯ ಹಾಡಿನ ಹೊತ್ತಿಗೆ ಸ್ವಯಂಸೇವಕರೆಲ್ಲ ವೇದಿಕೆಯ ಹತ್ತಿರ ಫೋಟೊಗೆ ಸೇರುವ ರೂಢಿ ಬಿಡಬೇಕು. ಬರುವಾಗ ಮೂರು ಗಂಟೆಯಲ್ಲಿ ಹಂತ ಹಂತವಾಗಿ ಬಂದ ಜನ ಹೋಗುವಾಗ ಹತ್ತು ನಿಮಿಷದಲ್ಲಿ ಒಟ್ಟಿಗೆ ಹೊರಡುತ್ತಾರೆ. ಅತಿ ಹೆಚ್ಚು ಒತ್ತಡ ಗೇಟುಗಳ ಮೇಲೆ ಬೀಳುವುದು ಆಗಲೇ. ಕಾರ್ಯಕ್ರಮ ಮುಗಿಯುವ ಹದಿನೈದು ನಿಮಿಷ ಮೊದಲೇ ಎಲ್ಲ ಗೇಟುಗಳೂ ಪೂರ್ತಿ ತೆರೆದಿರಲಿ, ಒಳಗೆ ಬಿಡಲೆಂದು ಹಾಕಿದ ಬ್ಯಾರಿಕೇಡುಗಳನ್ನು ಎತ್ತಿಡಿ, ಗೇಟಿನ ಬಾಯಿಗೆ ಬಂದು ನಿಂತ ಕಡಲೆಕಾಯಿ, ಬಲೂನು ಗಾಡಿಗಳನ್ನು ಪಕ್ಕಕ್ಕೆ ಕಳಿಸಿ. ಗಣ್ಯರ ಕಾರು ಹೊರಡಲೆಂದು ಯಾವ ಗೇಟನ್ನೂ ಮುಚ್ಚಬೇಡಿ. ಮೈದಾನದ ದೀಪ, ಹೊರಗಿನ ಬೀದಿಯ ದೀಪ ಕಡೆಯ ಕುಟುಂಬ ಬಸ್ ಸ್ಟಾಪು ತಲುಪುವವರೆಗೆ ಉರಿಯಲಿ. ಶಾಮಿಯಾನ ಬಿಚ್ಚುವವರು ಅಲ್ಲಿಯವರೆಗೆ ಕಾಯಲಿ.